ಎರಡನೇ ಚುಕ್ಕೆ ಬರುವ ತನಕ

ಹನ್ನೊಂದು ವರ್ಷಗಳಿಂದ ನಾನು ಭಾನುವಾರದ ಬೆಳಗಿನ ಸಿನಿಮಾ ಆಟ ಮುಗಿಸಿ ಹಲಸೂರಿನ ಒಂದು ಹೋಟೆಲಿನಲ್ಲಿ ಟೀ ಕುಡಿಯುತ್ತಾ ಬಂದಿದ್ದೇನೆ. ನನಗೆ ಬೇಕಾಗಿದ್ದದ್ದು ಕಾಫಿ.

ಹೀಗೆ ಎರಡು ಸಾಲಿನಲ್ಲಿ ಬರೆದುಬಿಡುವುದು ಎಷ್ಟು ಸಲೀಸು. ಕಾಗದದ ಮೇಲೆ ಕಾಫಿ ಎಂದು ಬರೆಯಲು ನನಗೂ ಉಳಿದವರಷ್ಟೇ ಹೊತ್ತು ಸಾಕು. ಬಾಯಿಂದ ಹೇಳಹೊರಟರೆ ಮಾತ್ರ ಆ ಮೊದಲ ಅಕ್ಷರ ಗಂಟಲಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಸಂಜೆ ಆರಕ್ಕೆ ದೊಮ್ಮಲೂರು ಫ್ಲೈಓವರಿನ ಮೇಲೆ ಬಸ್ಸೊಂದು ಕೆಟ್ಟು ನಿಂತಂತೆ, ಅದರ ಹಿಂದೆ ಉಳಿದ ಅಕ್ಷರಗಳೆಲ್ಲ ಸಾಲುಗಟ್ಟುತ್ತವೆ. ಎದುರಿಗೆ ಸಪ್ಲೈಯರ್ ನಿಂತಿರುತ್ತಾನೆ. ಅವನಿಗಾಗಿ ಇನ್ನೂ ನಾಲ್ಕು ಟೇಬಲ್ಲುಗಳು ಕಾಯುತ್ತಿರುತ್ತವೆ. ಆಗ ನಾನು ಟೀ ಅನ್ನುತ್ತೇನೆ. ಆ ಅಕ್ಷರ ನನಗೆ ಯಾವತ್ತೂ ಕೈ ಕೊಟ್ಟಿಲ್ಲ.

ಉಗ್ಗು ಎಂದರೆ ಒಂದೇ ಅಕ್ಷರ ಮೂರು ಸಲ ಕೇಳಿಸುವುದು ಎಂದು ಸಿನಿಮಾ ನೋಡಿ ಬೆಳೆದವರು ತಿಳಿದಿದ್ದಾರೆ. ಹಳೆಯ ಹಾಸ್ಯ ದೃಶ್ಯಗಳಲ್ಲಿ ಅದು ಹಾಗೆಯೇ ಇರುತ್ತಿತ್ತು: ದಪ್ಪ ಕನ್ನಡಕ, ಕೈಯಲ್ಲೊಂದು ಛತ್ರಿ, ಜೊತೆಗೆ ಉಗ್ಗು. ಹಾಗಾಗಿ ಈ ಬರಹದಲ್ಲಿ ಒಂದೇ ಅಕ್ಷರವನ್ನು ಮೂರು ಸಲ ಅಚ್ಚು ಹಾಕಿಸಬಾರದು ಎಂದು ತೀರ್ಮಾನಿಸಿದ್ದೇನೆ. ನನ್ನ ಉಗ್ಗು ಹೆಚ್ಚಾಗಿ ಕೇಳಿಸುವುದೇ ಇಲ್ಲ. ಅದು ಒಂದು ಮೌನವಾಗಿ ಬರುತ್ತದೆ, ಇಲ್ಲವೇ ಬೇರೆ ಪದದ ವೇಷ ಹಾಕಿಕೊಂಡು ಬರುತ್ತದೆ. ಪರಿಚಯದವರು ನನ್ನನ್ನು ಉಗ್ಗುವವನು ಎನ್ನುವುದಿಲ್ಲ, ಮಿತಭಾಷಿ ಎನ್ನುತ್ತಾರೆ.

ಚಿಕ್ಕಂದಿನಲ್ಲಿ ಅಜ್ಜಿ ಬಜೆ ತೇಯ್ದು ನಾಲಗೆಗೆ ಹಚ್ಚುತ್ತಿದ್ದರು. ಮಾತು ಸರಿಹೋಗಲಿಲ್ಲ, ಕಹಿ ಮಾತ್ರ ನೆನಪಿನಲ್ಲಿ ಉಳಿಯಿತು. ಆಮೇಲೆ ದೊಡ್ಡವನಾಗಿ ನಾಲ್ಕು ಪುಸ್ತಕ ಓದಿದಾಗ ನನಗೆ ಆಶ್ಚರ್ಯ ಕಾದಿತ್ತು. ತಡವರಿಸುವ ಮಾತಿಗೆ ನಮ್ಮಲ್ಲಿ ಇಷ್ಟೊಂದು ಮರ್ಯಾದೆಯೇ? ಮಗು ತೊದಲಿದರೆ ಮುದ್ದು. ಭಕ್ತನ ಕಂಠ ಗದ್ಗದವಾದರೆ ಪುಣ್ಯ. ಪ್ರೇಮಿಯ ದನಿ ಒಡೆದರೆ ಅದು ಸ್ವರಭಂಗ. ಅಲಂಕಾರಶಾಸ್ತ್ರದವರು ಅದನ್ನು ರೋಮಾಂಚ ಮತ್ತು ಕಣ್ಣೀರಿನ ಪಕ್ಕದಲ್ಲೇ ಸಾತ್ತ್ವಿಕ ಭಾವವೆಂದು ಕೂರಿಸಿದ್ದಾರೆ. ವಿಮಾ ಕಚೇರಿಯ ಐವತ್ತಾರು ವರ್ಷದ ಗುಮಾಸ್ತನಿಗೆ ಮಾತ್ರ ಈ ರಿಯಾಯಿತಿಯಿಲ್ಲ. ಅಲಂಕಾರಶಾಸ್ತ್ರಜ್ಞರು ಯಾರೂ ಕಂಟೋನ್ಮೆಂಟ್ ಸ್ಟೇಷನ್ನಿನ ಕೌಂಟರಿನಲ್ಲಿ ಟಿಕೆಟ್ ಕೇಳಿದವರಲ್ಲ. ನಾನು ಕುಪ್ಪಂಗೆ ಹೋಗಬೇಕಾದಾಗಲೆಲ್ಲ ಜೋಲಾರಪೇಟೆಗೆ ಟಿಕೆಟ್ ತೆಗೆದುಕೊಂಡು ಮಧ್ಯದಲ್ಲೇ ಇಳಿದುಕೊಂಡಿದ್ದೇನೆ.

ನನ್ನಂಥವನು ಬೆಂಗಳೂರಿನ ಈ ದಿಕ್ಕಿನಲ್ಲಿ ಹುಟ್ಟಿದ್ದು ಒಂದು ಭಾಗ್ಯ. ಹಲಸೂರು ಮತ್ತು ಶಿವಾಜಿನಗರದಲ್ಲಿ ಒಂದು ಪದ ಬಾಗಿಲು ಹಾಕಿಕೊಂಡರೆ ಪಕ್ಕದ ಭಾಷೆಯಲ್ಲಿ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಕನ್ನಡದಲ್ಲಿ ಸಿಕ್ಕಿಕೊಂಡರೆ ತಮಿಳಿಗೆ ಹಾರುತ್ತೇನೆ, ತಮಿಳೂ ಕೈ ಬಿಟ್ಟರೆ ದಖನಿ ಉರ್ದು, ಅದೂ ಇಲ್ಲದಿದ್ದರೆ ಇಂಗ್ಲಿಷು. ನಾಲ್ಕು ಭಾಷೆಗಳ ಮೇಲೆ ಎಂಥ ಹಿಡಿತ ಎಂದು ಕಚೇರಿಯಲ್ಲಿ ನನ್ನನ್ನು ಹೊಗಳುತ್ತಿದ್ದರು. ಹಿಡಿತವೇನೂ ಇಲ್ಲ, ನಾನು ನಾಲ್ಕು ಭಾಷೆಗಳಲ್ಲಿ ತಲೆಮರೆಸಿಕೊಂಡು ಓಡಾಡುವವನು. ಆದರೆ ಕಾಫಿ ಎಂಬ ಹಾಳು ಪದ ನಾಲ್ಕರಲ್ಲೂ ಕಾಫಿಯೇ. ಇನ್ನೊಂದು ಹಾಗೆಯೇ ಇರುವುದು ನನ್ನ ಹೆಸರು. ಅದು ಕೃಷ್ಣಮೂರ್ತಿ. ಹೆಸರು ಕೇಳಿದವರಿಗೆ ನಾನು ಅದರ ಸುಲಭವಾದ ಅರ್ಧವನ್ನಷ್ಟೇ ಕೊಡುತ್ತಾ ಬಂದಿದ್ದೇನೆ. ಆದ್ದರಿಂದ ಎಲ್ಲರಿಗೂ ನಾನು ಮೂರ್ತಿ.

ನಾನು ಸಿನಿಮಾ ಹುಚ್ಚನಾದದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಈಚೆಗೆ ಅನ್ನಿಸುತ್ತಿದೆ. ಮೊದಲ ದಿನದ ಮೊದಲ ಆಟದಲ್ಲಿ ನಾಯಕ ತೆರೆಯ ಮೇಲೆ ಕಾಣಿಸಿಕೊಂಡಾಗ ಐನೂರು ಜನ ಒಟ್ಟಿಗೆ ಅವನ ಹೆಸರು ಕೂಗುತ್ತಾರೆ. ಆ ಐನೂರು ಜನರ ಜೊತೆ ಕೂಗುವಾಗ ನಾನು ಉಗ್ಗುವುದಿಲ್ಲ. ಯಾವ ಅಕ್ಷರವಿರಲಿ, ನೀರಿನ ಹಾಗೆ ಹರಿಯುತ್ತದೆ. ಹಾಡುವಾಗಲೂ ಅಷ್ಟೇ. ಒಬ್ಬನೇ ಮಾತಾಡಬೇಕಾದಾಗ ಮಾತ್ರ ಕಷ್ಟ. ಹೊಡೆದಾಟ ನೋಡಲು, ಹಾಡು ಕೇಳಲು ಜನ ಥಿಯೇಟರಿಗೆ ಹೋಗುತ್ತಾರೆ. ನಾನು ಹೋಗುತ್ತಿದ್ದದ್ದು ಬಹುಶಃ ನನ್ನ ದನಿಯನ್ನು ಕೇಳಿಸಿಕೊಳ್ಳಲು.

ಭಾನುವಾರದ ಗುಂಪಿನಲ್ಲಿ ನಾವು ನಾಲ್ಕು ಜನ. ಹಲಸೂರಿನ ಅಂತೋಣಿ ಅಣ್ಣ ಒಂದು ಕಾಲದ ಪ್ರೊಜೆಕ್ಟರ್ ಆಪರೇಟರು, ಎಪ್ಪತ್ತು ದಾಟಿದವರು. ನಸೀಮಾ ಮೇಡಂ ರಿಚರ್ಡ್ಸ್ ಟೌನಿನವರು, ಗಣಿತದ ಟೀಚರಾಗಿ ನಿವೃತ್ತರಾದವರು. ಬಸವರಾಜ, ನಮಗೆಲ್ಲ ಬಸು, ಗದಗಿನ ಕಡೆಯವನು, ದೊಮ್ಮಲೂರಿನ ಒಂದು ಕಂಪನಿಯಲ್ಲಿ ಕೆಲಸ. ನಾಲ್ಕನೆಯವನು ಜೀವನ್ ಬಿಮಾ ನಗರದ ನಾನು. ಅಂತೋಣಿ ಅಣ್ಣ ಕೆಲಸ ಮಾಡುತ್ತಿದ್ದ ಥಿಯೇಟರು ಮುಚ್ಚಿದ ದಿನ ಕೊನೆಯ ಆಟ ಮುಗಿದ ಮೇಲೂ ಎದ್ದು ಹೋಗದೆ ಕೂತಿದ್ದವರು ನಾವು ನಾಲ್ವರೇ, ಅಲ್ಲಿಂದ ಶುರುವಾಯಿತು ಈ ಗೆಳೆತನ ಎಂದು ಎಲ್ಲರಿಗೂ ಹೇಳಿಕೊಳ್ಳುತ್ತೇವೆ. ಇದು ಬಹಳ ಅಚ್ಚುಕಟ್ಟಾದ ಕಥೆ, ಅದಕ್ಕೇ ನನಗೆ ಅನುಮಾನ. ಇನ್ನೂ ಇಪ್ಪತ್ತು ಜನ ಕೂತಿದ್ದಿರಬಹುದು. ಅವರು ನಮ್ಮ ಜೊತೆ ತಿಂಡಿಗೆ ಬರಲಿಲ್ಲ, ಅಷ್ಟೇ.

ಸಿನಿಮಾ ನೋಡಿ ಬಂದ ಮೇಲೆ ಹೋಟೆಲಿನಲ್ಲಿ ಒಂದು ಪದ್ಧತಿಯಿದೆ. ಬಸು ಅದಕ್ಕೆ ಒಂದೇ ಉಸಿರಿನ ತೀರ್ಪು ಎಂದು ಹೆಸರಿಟ್ಟಿದ್ದಾನೆ. ಸರದಿಯ ಮೇಲೆ ಒಬ್ಬೊಬ್ಬರೂ ಉಸಿರು ಎಳೆದುಕೊಂಡು, ಆ ಉಸಿರು ಮುಗಿಯುವುದರೊಳಗೆ ಸಿನಿಮಾ ಹೇಗಿತ್ತೆಂದು ಹೇಳಬೇಕು. ಜಗಳವೆಲ್ಲ ಆಮೇಲೆ.

"ಸರ, ಇಂಟರ್ವಲ್ ಆಗೂದ್ರೊಳಗ ನಲವತ್ ಮಂದೀನ ಹೊಡದಾನ್ರಿ, ಅಂಗಿ ಇಸ್ತ್ರಿ ಮುರಿದಿಲ್ಲ, ಭಾಗ ಎರಡು ಬರತೈತಂತ, ಭಾಗ ಒಂದರೊಳಗ ಕಥಿ ಎಲ್ಲೈತಿ ಅಂತ ಇನ್ನೂ ಹುಡುಕಾಕತ್ತೀನಿ" ಎಂದು ಬಸು ಒಂದೇ ಉಸಿರಿಗೆ ಮುಗಿಸುತ್ತಾನೆ.

"ಅರೆ, ಈಗ ಬರೋ ಹೀರೋಗಳಿಗೆಲ್ಲ ಒಂದೇ ಗಡ್ಡ. ಊರೆಲ್ಲ ಮಣ್ಣಿನ ಬಣ್ಣ. ನಾನು ಕನ್ನಡಕ ಒರೆಸಿ ಒರೆಸಿ ಸಾಕಾಯ್ತು" ಎನ್ನುತ್ತಾರೆ ನಸೀಮಾ ಮೇಡಂ.

ಅಂತೋಣಿ ಅಣ್ಣ ಹೇಳುವುದು ಯಾವಾಗಲೂ ಒಂದೇ. "ಸೌಂಡ್ ಜಾಸ್ತಿ ಕಣಪ್ಪಾ. ಆಪರೇಟರ್ ಇದ್ದಿದ್ರೆ ಕಮ್ಮಿ ಮಾಡಿರೋನು."

ಆಮೇಲೆ ನನ್ನ ಸರದಿ. "ಚೆನ್ನಾಗಿತ್ತು. ಎರಡನೇ ಅರ್ಧ ಉದ್ದ." ಹನ್ನೊಂದು ವರ್ಷಗಳಲ್ಲಿ ನಾನು ಕೊಟ್ಟ ತೀರ್ಪುಗಳೆಲ್ಲ ಹೆಚ್ಚುಕಡಿಮೆ ಇಷ್ಟೇ. ಮೂರ್ತಿ ಸರ್ ಮಾತಿಗೆ ತೂಕ ಜಾಸ್ತಿ ಎಂಬ ಹೆಸರು ಬಂದುಬಿಟ್ಟಿತು. ಬಾಯಿಗೆ ಬರುವ ಪದಗಳಲ್ಲಿ ಹೇಳಬಹುದಾದಷ್ಟನ್ನು ಹೇಳುತ್ತಿದ್ದೆ, ಉಳಿದದ್ದನ್ನು ಅವರೇ ಊಹಿಸಿಕೊಂಡು ಮೆಚ್ಚುತ್ತಿದ್ದರು.

ಒಮ್ಮೆ ಒಂದು ಸಿನಿಮಾದ ಕ್ಯಾಮೆರಾ ಕೆಲಸವನ್ನು ಹೊಗಳೋಣವೆಂದು ಧೈರ್ಯ ಮಾಡಿ ಬಾಯಿ ತೆರೆದೆ. ಮೊದಲ ಅಕ್ಷರದಲ್ಲೇ ನಿಂತೆ. ಬಸು ಒಳ್ಳೆಯವನು, ಯಾರಾದರೂ ಕಷ್ಟಪಡುವುದನ್ನು ನೋಡಲಾರ. "ಕಥಿ ಅಲ್ರಿ ಸರ? ಕಥಿ ಭಾರಿ ಐತಿ" ಎಂದು ನನ್ನ ಮಾತನ್ನು ಮುಗಿಸಿಕೊಟ್ಟ. ನಾನು ತಲೆಯಾಡಿಸಿದೆ. ಕಥೆಯೇ ಇಲ್ಲದ ಆ ಸಿನಿಮಾದ ಕಥೆಯನ್ನು ಮೆಚ್ಚಿದ ಏಕೈಕ ಮನುಷ್ಯ ಎಂದು ಒಂದು ವರ್ಷ ನನ್ನ ಜೊತೆ ವಾದ ಮಾಡಿದರು. ನನ್ನ ಜೀವಮಾನದ ಮೆಚ್ಚಿನ ಸಿನಿಮಾ ಯಾವುದು ಎಂಬ ಪ್ರಶ್ನೆಗೂ ಹೀಗೆಯೇ ಉತ್ತರ ಹುಟ್ಟಿತು. ಸಲೀಸಾಗಿ ಬಾಯಿಗೆ ಬಂದ ಒಂದು ಹೆಸರು ಹೇಳಿದೆ. ನಾನು ಅದರ ಅರ್ಧವನ್ನಷ್ಟೇ ನೋಡಿದ್ದೆ. ಅದನ್ನು ಸಮರ್ಥಿಸಿಕೊಳ್ಳಲಿಕ್ಕೆ ಅದರ ಬಗ್ಗೆ ಓದಿ ಓದಿ, ಈಗ ಈ ಊರಿನಲ್ಲಿ ಅದನ್ನು ನನ್ನಷ್ಟು ಬಲ್ಲವರು ಇರಲಾರರು.

ಅಂತೋಣಿ ಅಣ್ಣ ಮಾತ್ರ ನನ್ನ ಮಾತನ್ನು ಒಮ್ಮೆಯೂ ಮುಗಿಸಿಕೊಟ್ಟವರಲ್ಲ. ಅದು ಯಾಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಅವರ ಹಳೆಯ ಕೆಲಸದ ಬಗ್ಗೆ ಕೇಳಿದ ಮೇಲೆ ಸ್ವಲ್ಪ ಹೊಳೆಯಿತು. ರೀಲುಗಳ ಕಾಲದಲ್ಲಿ ಒಂದು ಸಿನಿಮಾ ಎಂದರೆ ಹಲವು ಸುರುಳಿಗಳು, ಎರಡು ಯಂತ್ರಗಳು. ಒಂದು ಸುರುಳಿ ಮುಗಿಯುತ್ತಾ ಬಂದಾಗ ತೆರೆಯ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಪಕ್ಕದ ಯಂತ್ರದ ಮೋಟರ್ ಶುರು ಮಾಡಬೇಕು, ಅಷ್ಟೇ. ಏಳೆಂಟು ಸೆಕೆಂಡಿನ ನಂತರ ಎರಡನೇ ಚುಕ್ಕೆ. ಅದು ಕಂಡಾಗಲೇ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಪ್ರೇಕ್ಷಕರಿಗೆ ಗೊತ್ತೇ ಆಗಬಾರದು.

ಅವರು ಕೆಲಸಕ್ಕೆ ಹೊಸದಾಗಿ ಸೇರಿದ್ದಾಗ ಒಮ್ಮೆ ಗಡಿಬಿಡಿಯಲ್ಲಿ ಮೊದಲ ಚುಕ್ಕೆಗೇ ಬದಲಾಯಿಸಿಬಿಟ್ಟರಂತೆ. ಸಾಯುತ್ತಿರುವ ತಾಯಿ ಮಗನಿಗೆ ಅವನ ತಂದೆ ಯಾರೆಂದು ಹೇಳುವ ದೃಶ್ಯ ಅದು. ಹೆಸರು ಬರುವ ಮೊದಲೇ ಮುಂದಿನ ಸುರುಳಿ ಬಂದು, ಮಗ ಕುದುರೆ ಏರಿ ಹೊರಟೇಬಿಟ್ಟ. "ಒಂದು ಥಿಯೇಟರ್ ಜನ ಅಪ್ಪ ಯಾರು ಅಂತ ಗೊತ್ತಾಗ್ದೆ ಮನೆಗೆ ಹೋದ್ರು. ಬಾಗಿಲಲ್ಲಿ ನಿಲ್ಸಿ ಕೇಳಿದ್ರು ನನ್ನ. ಆವತ್ತಿಂದ ಕಣ್ಣಿಗೆ ಎರಡನೇ ಚುಕ್ಕೆ ಕಾಣೋ ತಂಕ ಕೈ ಎತ್ತಿದ್ದಿಲ್ಲ ನಾನು" ಎಂದರು. ಇನ್ನೊಂದು ಸಲ ಇದೇ ಕಥೆ ಹೇಳುವಾಗ ತಾಯಿಯ ಬದಲು ಅಕ್ಕ ಇದ್ದಳು, ಕುದುರೆಯ ಬದಲು ರೈಲು ಬಂದಿತ್ತು. ಚುಕ್ಕೆ ಮಾತ್ರ ಬದಲಾಗಿರಲಿಲ್ಲ. ಅದನ್ನಷ್ಟೇ ನಾನು ನಂಬಿದ್ದೇನೆ.

ಹೋದ ಮಳೆಗಾಲದಲ್ಲಿ ಹಳೇ ಮದ್ರಾಸು ರಸ್ತೆಯ ಒಂದು ಮಾಲಿನಲ್ಲಿ ನಾವು ನಾಲ್ವರೂ ಹೊಸದೊಂದು ಸಿನಿಮಾ ನೋಡಿದೆವು. ನಾಯಕ ಉಗ್ಗುವವನು. ಸಿನಿಮಾದ ಹೆಸರು ನನ್ನ ಕಷ್ಟದ ಅಕ್ಷರದಿಂದಲೇ ಶುರುವಾಗುತ್ತದೆ. ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆದು ಪಾರಾಗುವುದು ಮೋಸ ಎನ್ನಿಸಿ ಹೆಸರು ಬಿಟ್ಟಿದ್ದೇನೆ.

ಛತ್ರಿ, ದಪ್ಪ ಕನ್ನಡಕ ಕಾಣಿಸಿಕೊಳ್ಳಲಿವೆ ಎಂದು ಅಳುಕಿಕೊಂಡೇ ಕೂತಿದ್ದೆ. ಹತ್ತನೆಯ ನಿಮಿಷದಲ್ಲಿ ನಾಯಕ ಒಂದು ಹೋಟೆಲಿಗೆ ಹೋಗುತ್ತಾನೆ. ಪಕ್ಕದ ಟೇಬಲ್ಲಿಗೆ ಬಂದ ದೋಸೆಯನ್ನು ಆಸೆಯಿಂದ ನೋಡುತ್ತಾನೆ. ಸಪ್ಲೈಯರ್ ಬರುತ್ತಾನೆ. ಆ ನಟನ ತುಟಿ ಒಂದು ಅಕ್ಷರಕ್ಕೆ ಸಜ್ಜಾಗುತ್ತದೆ, ಕಣ್ಣು ಗೋಡೆಯ ಮೇಲಿನ ಪಟ್ಟಿಗೆ ಹೋಗಿ ಅಲ್ಲಿ ಏನನ್ನೋ ಹುಡುಕುತ್ತದೆ, ಕೈ ಚಮಚವನ್ನು ಒಂದು ಸಲ ಮಗುಚಿ ಹಾಕುತ್ತದೆ, ತೊಂದರೆಯೇನಿಲ್ಲ ಎಂಬಂಥ ಒಂದು ಚಿಕ್ಕ ನಗು ಬರುತ್ತದೆ. ಅವನು ಇಡ್ಲಿ ಎನ್ನುತ್ತಾನೆ. ಇಡ್ಲಿ ತಿನ್ನುತ್ತಾನೆ. ಸಂಗೀತವಿಲ್ಲ. ಯಾರೂ ನಗಲಿಲ್ಲ, ಬಹಳ ಜನ ಏನು ನಡೆಯಿತೆಂದು ಗಮನಿಸಿಯೂ ಇರಲಿಕ್ಕಿಲ್ಲ. ನನ್ನ ಕಣ್ಣಿನಿಂದ ಮಾತ್ರ ನೀರು ಇಳಿಯತೊಡಗಿತು. ಈ ಮನುಷ್ಯ ಇದನ್ನು ಎಲ್ಲಿ ನೋಡಿದ? ಯಾರ ಎದುರಿಗೆ ಕೂತು ಕಲಿತ? ಅಕ್ಷರವನ್ನು ಮೂರು ಸಲ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭವಿತ್ತು. ಒಂದು ಆಸೆ ಸದ್ದಿಲ್ಲದೆ ಇನ್ನೊಂದು ಪದವಾಗಿ ಬದಲಾಗುವುದನ್ನು ಅವನು ಒಂದು ಚಮಚದಲ್ಲಿ ತೋರಿಸಿಬಿಟ್ಟ. ನನ್ನ ಐವತ್ತಾರು ವರ್ಷಗಳನ್ನು ಇಷ್ಟು ಚೊಕ್ಕವಾಗಿ ನಾನು ಕೂಡ ವಿವರಿಸಿಕೊಂಡಿರಲಿಲ್ಲ.

ಕೊನೆಯಲ್ಲಿ ಅದೇ ನಾಯಕ ಊರಿನ ಜನರ ಮುಂದೆ ನಿಂತು, ಸಿಟ್ಟಿನಲ್ಲಿ, ನಾಲ್ಕು ನಿಮಿಷ ಒಂದೂ ತಡೆಯಿಲ್ಲದೆ ಭಾಷಣ ಮಾಡುತ್ತಾನೆ. ಉಗ್ಗು ಮಾಯ. ಥಿಯೇಟರು ಎದ್ದು ನಿಂತಿತು. ನಾನೂ ಸಿಳ್ಳೆ ಹೊಡೆದೆ. ಸಿಳ್ಳೆಗೆ ಉಗ್ಗಿಲ್ಲ. ಹೊರಗೆ ಬಂದು ಎಸ್ಕಲೇಟರಿನಲ್ಲಿ ಇಳಿಯುವಾಗ ನಾಚಿಕೆಯಾಯಿತು.

ಹೋಟೆಲಿನಲ್ಲಿ ತೀರ್ಪು ಶುರುವಾಯಿತು. ಮೂವರಿಗೂ ಸಿನಿಮಾ ಹಿಡಿಸಿತ್ತು. ನಸೀಮಾ ಮೇಡಂ ಆ ಭಾಷಣ ಕೇಳಿ ಅತ್ತಿದ್ದರು. "ಮನಸ್ ಮಾಡಿದ್ರ ಎಲ್ಲಾ ಬಿಡತೈತಿ ನೋಡ್ರಿ" ಎಂದ ಬಸು. ನನ್ನ ಸರದಿ ಬಂತು. ಚೆನ್ನಾಗಿತ್ತು, ಎರಡನೇ ಅರ್ಧ ಉದ್ದ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ನಟನಿಗೆ ನಾನು ಅನ್ಯಾಯ ಮಾಡಿದಂತಾಗುತ್ತಿತ್ತು. ಇಡ್ಲಿಯ ದೃಶ್ಯವನ್ನು ನಾನು ಹೊಗಳದಿದ್ದರೆ ಈ ಟೇಬಲ್ಲಿನಲ್ಲಿ ಇನ್ಯಾರೂ ಹೊಗಳುವವರಿಲ್ಲ. ಹೊಗಳಿದರೆ ಯಾಕೆಂದು ಹೇಳಬೇಕು. ಹೇಳಿದರೆ ಟೀ, ಮೂರ್ತಿ, ಮೆಚ್ಚಿನ ಸಿನಿಮಾ, ತೂಕದ ಮಾತು, ಹನ್ನೊಂದು ವರ್ಷ ಕಟ್ಟಿಕೊಂಡದ್ದೆಲ್ಲ ಒಂದೇ ಬೆಳಿಗ್ಗೆ ಕುಸಿಯುತ್ತದೆ. ಇಷ್ಟು ವರ್ಷ ಸುಳ್ಳು ಹೇಳಿದವನ ಜೊತೆ ಮುಂದಿನ ಭಾನುವಾರ ಇವರು ಕೂರುತ್ತಾರೆಯೇ?

ಇಲ್ಲಿಂದ ಮುಂದೆ ನನ್ನನ್ನು ಪೂರ್ತಿ ನಂಬಬೇಡಿ. ನನ್ನ ನೆನಪಿಗೆ ಒಂದು ಕೆಟ್ಟ ಚಾಳಿಯಿದೆ. ಅದು ನನಗೆ ಡಬ್ಬಿಂಗ್ ಮಾಡುತ್ತದೆ. ನೆನಪಿನಲ್ಲಿ ನಾನು ಎಲ್ಲ ಕಡೆಯೂ ನಿರರ್ಗಳವಾಗಿ ಮಾತಾಡಿದ್ದೇನೆ, ನನ್ನ ಮದುವೆಯ ಮಾತುಕತೆಯಲ್ಲಿ ಕೂಡ. ಆವತ್ತಿನ ಬೆಳಿಗ್ಗೆಯನ್ನು ನೆನೆದರೂ ತೆರೆಯ ಮೇಲೆ ನನ್ನ ತುಟಿ ಒಂದು ಥರ ಆಡುತ್ತದೆ, ದನಿ ಇನ್ನೊಂದು ಥರ ಕೇಳಿಸುತ್ತದೆ. ಆದ್ದರಿಂದ ಉಳಿದ ಮೂವರನ್ನೂ ಬೇರೆ ಬೇರೆಯಾಗಿ ವಿಚಾರಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳಬೇಕೆಂದಿದ್ದದ್ದು ಇಷ್ಟು: ಕ್ಲೈಮ್ಯಾಕ್ಸ್ ಸುಳ್ಳು, ಇಡ್ಲಿ ನಿಜ. ಮೊದಲ ಪದಕ್ಕೇ ನಿಂತೆ. ಎಂಡಿಂಗ್ ಎನ್ನಬಹುದಿತ್ತು. ಆ ಪದ ನಾಲಗೆಯ ತುದಿಯಲ್ಲಿ ಮೋಟರ್ ಶುರು ಮಾಡಿಕೊಂಡು ಸಿದ್ಧವಾಗಿ ನಿಂತಿತ್ತು. ಆವತ್ತು ಅದನ್ನು ಬೇಡವೆಂದೆ. ಮೌನ ಬೆಳೆಯಿತು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ನನ್ನ ಉಸಿರಿನ ಅವಧಿ ಎಂದೋ ಮುಗಿದಿತ್ತು.

"ಕ್ಲೈಮ್ಯಾ..." ಎಂದು ಬಸು ಬಾಯಿ ಹಾಕಿದ. ಅಂತೋಣಿ ಅಣ್ಣ ಅವನ ಮಣಿಕಟ್ಟಿನ ಮೇಲೆ ಮೆಲ್ಲಗೆ ತಮ್ಮ ಕೈ ಇಟ್ಟರು. ಅವನನ್ನು ನೋಡಲಿಲ್ಲ. ನನ್ನ ಮುಖದ ಮೂಲೆಯಲ್ಲೆಲ್ಲೋ ಏನೋ ಕಾಣಿಸಲಿದೆ ಎಂಬಂತೆ ನನ್ನನ್ನೇ ನೋಡುತ್ತಾ ಕೂತರು. ಆ ನೋಟದಲ್ಲಿ ಅವಸರವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಅದು ಕೆಲಸ ಬಲ್ಲವನ ನೋಟ.

ಎಷ್ಟು ಹೊತ್ತು ಹಿಡಿಯಿತೋ. ಬಸುವಿನ ಪ್ರಕಾರ ಐದು ನಿಮಿಷ, ನಸೀಮಾ ಮೇಡಂ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡು. ಪದ ಬಂತು. ಅದರ ಹಿಂದೆ ಉಳಿದದ್ದೂ ಬಂತು, ನಿಂತು ನಿಂತು, ಕೆಟ್ಟ ಬಸ್ಸಿನ ಹಿಂದಿದ್ದ ವಾಹನಗಳ ಹಾಗೆ ಒಂದೊಂದಾಗಿ. ಇಡ್ಲಿ. ದೋಸೆ. ಟೀ. ನನ್ನ ಪೂರ್ತಿ ಹೆಸರು. ಸಿಟ್ಟು ಬಂದಾಗ ಉಗ್ಗು ಹೋಗುವುದಿಲ್ಲ, ದುಪ್ಪಟ್ಟಾಗುತ್ತದೆ ಎಂಬುದು. ಆ ಭಾಷಣಕ್ಕೆ ನಾನೂ ಸಿಳ್ಳೆ ಹೊಡೆದೆ ಎಂಬುದು.



"ಅಂದ್ರೆ, ನಾನು ವರ್ಷಾ ವರ್ಷ ಕೂನೂರಿಂದ ತಂಗಿ ಕೈಲಿ ತರಿಸಿ ನಿಮಗೆ ಕೊಡ್ತಿದ್ದ ಟೀ ಪುಡಿ?" ಎಂದರು ನಸೀಮಾ ಮೇಡಂ.

"ಮನೆಗೆ ಬಂದವರೆಲ್ಲ ಹೊಗಳಿದಾರೆ ಮೇಡಂ" ಎಂದೆ.

"ಯಾ ಅಲ್ಲಾ. ಒಳ್ಳೇ ಪುಡಿ ಅದು, ಮೂರ್ತಿಯವರೇ." ಆಮೇಲೆ ತಿದ್ದಿಕೊಂಡು, "ಕೃಷ್ಣಮೂರ್ತಿಯವರೇ" ಎಂದರು. ಟೀಚರು ಹಾಜರಿ ಕರೆದ ಹಾಗಿತ್ತು. ನಾನು ಕೈ ಎತ್ತುವುದೊಂದು ಬಾಕಿ.

ಬಸು ತಲೆ ತಗ್ಗಿಸಿದ್ದ. "ಸರ, ನಿಮ್ಮ ಮಾತು ನಾ ಎಷ್ಟ್ ಸಲ ಮುಗಿಸೀನ್ರಿ? ಎಷ್ಟ್ ಸಲ ಸರಿ ಇತ್ತು?" ಅರ್ಧ ಸಲ ಎಂದೆ. ಅದು ಅವನಿಗೆ ಸಮಾಧಾನ ತರಲಿಲ್ಲ. ನಿಜವಾದ ಉತ್ತರ ಅದಕ್ಕಿಂತ ಕಡಿಮೆಯಿತ್ತು.

ನನಗೆ ಈ ಗೊತ್ತು ಗುರಿಯಿಲ್ಲದ ಗುಂಪಿನ ಬಗ್ಗೆ ಅಭಿಮಾನ ಯಾಕೆಂದರೆ, ಅವರಲ್ಲಿ ಯಾರೂ ನನ್ನನ್ನು ಧೈರ್ಯಶಾಲಿ ಎನ್ನಲಿಲ್ಲ. ಐದು ನಿಮಿಷದೊಳಗೆ ಇಡ್ಲಿಯ ದೃಶ್ಯದ ಬಗ್ಗೆ ಜಗಳ ಹತ್ತಿತ್ತು. ನಟ ಚಮಚ ಮಗುಚಿದ್ದು ಎಡಗೈಯಲ್ಲೋ ಬಲಗೈಯಲ್ಲೋ ಎಂದು ತೀರ್ಮಾನಿಸಲು ಮುಂದಿನ ವಾರ ಅದೇ ಸಿನಿಮಾವನ್ನು ಮತ್ತೆ ನೋಡುವುದೆಂದಾಯಿತು.

ಅಂತೋಣಿ ಅಣ್ಣ ಎದ್ದು ಹೊರಡುವಾಗ, ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ ಎಂದು ಕೇಳಿದೆ. ಎರಡನೇ ಚುಕ್ಕೆಗೆ ಕಾಯುತ್ತಿದ್ದೆ ಎಂದರು ಎಂದು ನನ್ನ ನೆನಪು. ನೋಡಿ, ಎಷ್ಟು ಚೆನ್ನಾಗಿದೆ ಈ ಮಾತು. ಆದರೆ ಹಾಗೆ ಹೇಳಿಯೇ ಇಲ್ಲ ಎನ್ನುತ್ತಾರೆ ಅವರು. ಸೌಂಡ್ ಜಾಸ್ತಿ ಇತ್ತು ಎಂದರಂತೆ.

ಮುಂದಿನ ಭಾನುವಾರ ನಾನು ಕಾಫಿ ಕೇಳಿದೆ. ಹೊತ್ತು ಹಿಡಿಯಿತು, ಸಪ್ಲೈಯರ್ ನಿಂತ, ಮೂವರೂ ಕಾದರು, ಕಾಫಿ ಬಂತು. ಹನ್ನೊಂದು ವರ್ಷ ಆಸೆಪಟ್ಟ ಕಾಫಿಯನ್ನು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. ಚಿಕೋರಿ, ಸಕ್ಕರೆ, ಬಿಸಿನೀರು. ಆ ಹೋಟೆಲಿನಲ್ಲಿ ಕಾಫಿ ಇಷ್ಟು ಕೆಟ್ಟದಾಗಿರುತ್ತದೆಂದು ಉಳಿದ ಮೂವರಿಗೂ ಮೊದಲೇ ಗೊತ್ತಿತ್ತು. ಅದಕ್ಕೇ ಅವರು ಟೀ ಕುಡಿಯುತ್ತಿದ್ದದ್ದು. ಅಷ್ಟೇ ಅಲ್ಲ, ಹನ್ನೊಂದು ವರ್ಷದಲ್ಲಿ ಅಲ್ಲಿಯ ಶುಂಠಿ ಟೀ ನನ್ನ ನಾಲಗೆಯನ್ನು ತನ್ನದು ಮಾಡಿಕೊಂಡುಬಿಟ್ಟಿತ್ತು. ಬೇರೆ ದಾರಿಯಿಲ್ಲದೆ ಆರಿಸಿಕೊಂಡದ್ದು ಯಾವಾಗ ಇಷ್ಟವಾಯಿತೋ ನನಗೇ ತಿಳಿಯದು.

ಮೂರು ಭಾನುವಾರ ಹಲ್ಲು ಕಚ್ಚಿ ಕಾಫಿ ಕುಡಿದೆ. ನಾಲ್ಕನೆಯ ಸಲ ಸಪ್ಲೈಯರ್ ಬಂದಾಗ ಸ್ಪಷ್ಟವಾಗಿ ಟೀ ಎಂದೆ.

ಬಸು ನನ್ನ ಕಡೆ ತಿರುಗಿದ. "ಬ್ಯಾಡ್ರಿ ಸರ. ಹೆದರಬ್ಯಾಡ್ರಿ. ನಿಮಗ ಬೇಕಾದ್ದ ಹೇಳ್ರಿ. ನಾವ್ ಕಾಯ್ತೀವಿ."

ಟೀ ಎಂದೆ ಮತ್ತೆ. ನಸೀಮಾ ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಯಲ್ಲಿ ಉತ್ತರ ತಡವಾಗುತ್ತಿರುವ ಮಗುವಿನ ಕಡೆ ನೋಡುವಂತೆ ಪ್ರೀತಿಯಿಂದ ನೋಡತೊಡಗಿದರು. ಸಪ್ಲೈಯರ್ ಕೂಡ ಈಗ ವಿಷಯ ತಿಳಿದವನು. ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು ಬಿಡುವಾಗಿ ನಿಂತ. ಜೀವನದಲ್ಲಿ ಮೊದಲ ಬಾರಿಗೆ ನಾನು ಹೇಳಬೇಕಾದ ಪದವನ್ನೇ ತಡೆಯಿಲ್ಲದೆ ಹೇಳಿದ್ದೆ. ಅದನ್ನು ನಂಬುವವರು ಯಾರೂ ಇರಲಿಲ್ಲ. ಸುಲಭವಾಗಿ ಬಂದ ಮಾತನ್ನೇ ನಂಬಬಾರದೆಂದು ಅವರಿಗೆ ಕಲಿಸಿದವನು ನಾನೇ.

ಅಂತೋಣಿ ಅಣ್ಣ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸಪ್ಲೈಯರ್ ಕಡೆ ತಿರುಗಿ, "ಏನ್ ನಿಂತಿದ್ಯಪ್ಪಾ? ಅವ್ರು ಹೇಳಿದ್ದು ಮುಗೀತು. ಟೀ ತಗೊಂಬಾ" ಎಂದರು.

ಕಾಯುವುದು ಬಹಳ ದೊಡ್ಡ ಗುಣ ಎಂದು ಈ ಪ್ರಬಂಧದ ಉದ್ದಕ್ಕೂ ನಾನು ಅಂದುಕೊಂಡಿದ್ದೆ. ಎಲ್ಲಿಯ ತನಕ ಕಾಯಬೇಕೆಂದು ತಿಳಿದಿರುವುದು ಅದಕ್ಕಿಂತಲೂ ದೊಡ್ಡ ವಿದ್ಯೆ. ಟೀ ಬಂತು. ಆವತ್ತು ಶುಂಠಿ ಸ್ವಲ್ಪ ಜಾಸ್ತಿಯಾಗಿತ್ತು, ಆದರೆ ದೂರುವ ಸ್ಥಿತಿಯಲ್ಲಿ ನಾನಿರಲಿಲ್ಲ.